ಮನೆ ಹಿಂದಿನ ಗುಡ್ಡದಲ್ಲಿ ಹಳೇ ಟಪಾಲು ಗಾಡಿಯ ಜಾಡು ಸಿಕ್ಕಿದೆ ಅನ್ನಿಸುತ್ತಿದೆ, ಬಲ್ಲವರು ನೋಡಿ ಹೇಳಿ

ಗುಡ್ಡದಂಚು:
ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಟೆಮೆಕ್ಯುಲಾ ದಾಟಿ ಹೈವೇ 79 ಹಿಡಿದು ವಾರ್ನರ್ ಸ್ಪ್ರಿಂಗ್ಸ್ ಕಡೆ ಹೋಗುವಾಗ ಸಿಗುವ ಒಂದು ಮೂಲೆ. ಮನೆ ತಗೊಂಡು ನಾಲ್ಕು ವರ್ಷ ಆಯಿತು. ದಿನಾ ಸಂಜೆ ನಾಯಿ ಕರ್ಕೊಂಡು ಹಿಂದಿನ ಗುಡ್ಡ ಹತ್ತುವುದು ನನ್ನ ಅಭ್ಯಾಸ.

ಕಳೆದ ಭಾನುವಾರ ಹೊತ್ತು ಮುಳುಗುವಾಗ ಗುಡ್ಡದ ಪಕ್ಕೆಯಲ್ಲಿ ಒಂದು ಉದ್ದನೆಯ ನೆರಳು ಕಂಡಿತು. ಹತ್ತಿರ ಹೋದರೆ ಹಳೇ ದಾರಿ! ಗುಡ್ಡವನ್ನು ಬಳಸಿಕೊಂಡು ಸುಮಾರು ಇನ್ನೂರು ಹೆಜ್ಜೆ ಹೋಗಿ, ಪೊದೆಯೊಳಗೆ ಮಾಯವಾಗುತ್ತದೆ. ಕೆಳಬದಿಯಲ್ಲಿ ಮಣ್ಣಿನ ಏರಿ ಇದೆ. ಅಗಲ ಅಳೆದೆ, ಎರಡು ಗಾಲಿ ಜಾಡಿನ ನಡುವೆ ಹತ್ತಿರ ಹತ್ತಿರ ಐದು ಅಡಿ. ಸ್ವಲ್ಪ ಕೆಳಗೆ ಒಂದು ಚೌಕ ಮೊಳೆಯೂ ಸಿಕ್ಕಿತು. ಜೇಬಿಗೆ ಹಾಕಿಕೊಂಡು ಬಂದೆ.

ನಮ್ಮ ಹೈವೇ ಬದಿಯಲ್ಲೇ ಬಟರ್‌ಫೀಲ್ಡ್ ಕಂಪನಿಯ ಸ್ಟೇಜ್‌ಕೋಚ್ (ಟಪಾಲು, ಜನ ಒಯ್ಯುವ ಗಾಡಿ) ಹೋಗುತ್ತಿತ್ತು ಅಂತ ಫಲಕಗಳಿವೆ. 1858ರ ಕಥೆ. ಹಾಗಾದರೆ ಇದು ಅದೇ ದಾರಿ ಅಲ್ವಾ? ಎರಡು ದಿನದಿಂದ ನಿದ್ದೆ ಬರುತ್ತಿಲ್ಲ. ಹೆಂಡತಿ "ಒಂದು ಮೊಳೆಗೆ ಇಷ್ಟಾ?" ಅಂತ ನಗುತ್ತಿದ್ದಾಳೆ.

ನಕ್ಷೆಮರುಳು:
ಮೊದಲು ಅಭಿನಂದನೆ. ಆಮೇಲೆ ತಣ್ಣೀರು.

ಐದು ಅಡಿ ಅಗಲ ಏನನ್ನೂ ಹೇಳುವುದಿಲ್ಲ ಸರ್. ಜೀಪಿನ ಗಾಲಿಗಳ ಅಂತರವೂ ಅಷ್ಟೇ, ಹಳೇ ಕುದುರೆ ಗಾಡಿಯದ್ದೂ ಹೆಚ್ಚುಕಡಿಮೆ ಅಷ್ಟೇ. ನನಗೆ ಅನುಮಾನ ಬಂದಿರುವುದು ನೀವು ಹೇಳಿದ ಇನ್ನೆರಡು ಮಾತಿನಿಂದ. ಒಂದು, ದಾರಿ ಗುಡ್ಡವನ್ನು ಬಳಸಿಕೊಂಡು ಹೋಗಿದೆ. ಇನ್ನೊಂದು, ಕೆಳಬದಿಗೆ ಮಣ್ಣಿನ ಏರಿ ಇದೆ.

ಎತ್ತರದ ಗಾಡಿ ಇಳಿಜಾರಿನಲ್ಲಿ ಅಡ್ಡಡ್ಡ ಹೋದರೆ ಮಗುಚಿಬೀಳುತ್ತದೆ. ಅದಕ್ಕೇ ಹಳೇ ಗಾಡಿಯವರು ಆದಷ್ಟೂ ಗುಡ್ಡಕ್ಕೆ ಎದುರಾಗಿ ನೇರ ಹತ್ತುತ್ತಿದ್ದರು, ನೇರ ಇಳಿಯುತ್ತಿದ್ದರು. ನೋಡಿದವರಿಗೆ "ಇಷ್ಟು ಕಡಿದಾದಲ್ಲಿ ಯಾಕಪ್ಪಾ ಹತ್ತಿಸಿದರು" ಅನ್ನಿಸಬೇಕು, ಹಾಗಿರುತ್ತದೆ. ಗುಡ್ಡದ ಪಕ್ಕೆ ಕೊರೆದು, ಮಣ್ಣನ್ನು ಕೆಳಕ್ಕೆ ತಳ್ಳಿ, ಸಮತಟ್ಟು ಮಾಡಿರುವ ದಾರಿ ಕಂಡರೆ ಬಹುಮಟ್ಟಿಗೆ ಅದು ಬುಲ್ಡೋಜರ್ ಕೆಲಸ. ನಿಮ್ಮ ಕಡೆ ಕಾಡ್ಗಿಚ್ಚು ತಡೆಯಲು ಹೊಡೆದ ಗೆರೆಗಳು ಬೇಕಾದಷ್ಟಿವೆ.

ಅಂದಹಾಗೆ ಆ ಜಾಗ ಯಾರದ್ದು? ನಿಮ್ಮದಾ?

ಗುಡ್ಡದಂಚು:
ಅಯ್ಯೋ. ಬುಲ್ಡೋಜರ್ ಯೋಚನೆ ಬರಲೇ ಇಲ್ಲ.
ಜಾಗ ನಮ್ಮದಲ್ಲ, ಪಕ್ಕದ ರಾಂಚಿನವರದ್ದು (ರಾಂಚ್ ಅಂದರೆ ದನ ಸಾಕುವ ದೊಡ್ಡ ಜಮೀನು). ಬೇಲಿ ಮುರಿದಿದೆ, ಎಲ್ಲರೂ ಓಡಾಡುತ್ತಾರೆ.

ಮೊಳೆ_ಲಾಳ:
ಎಲ್ಲರೂ ಓಡಾಡುತ್ತಾರೆ ಅಂದರೆ ಅನುಮತಿ ಇದೆ ಅಂತ ಅಲ್ಲ. ಹೋಗಿ ಬಾಗಿಲು ತಟ್ಟಿ ಕೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಖುಷಿಯಿಂದ ಒಪ್ಪುತ್ತಾರೆ, ಅದರಲ್ಲಿ ಒಬ್ಬರಿಗಾದರೂ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ.

ಮೊಳೆ ತಂದಿದ್ದು ತಪ್ಪು. ಬೈಯುತ್ತಿಲ್ಲ, ನಾನೂ ಶುರುವಿನಲ್ಲಿ ಮಾಡಿದ್ದೇನೆ. ಖಾಸಗಿ ಜಾಗವಾದರೆ ಅದು ಮಾಲೀಕರ ಸ್ವತ್ತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜಾಗವಾದರೆ ಇನ್ನೂ ಕಷ್ಟ. ನಿಮ್ಮ ಸುತ್ತ ಕ್ಲೀವ್‌ಲ್ಯಾಂಡ್ ನ್ಯಾಷನಲ್ ಫಾರೆಸ್ಟ್ ಇದೆಯಲ್ಲ, ಅಂಥ ಕಡೆ ನೂರು ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಅನುಮತಿ ಇಲ್ಲದೆ ಅಗೆದು ತೆಗೆದರೆ 1979ರ ಕಾನೂನಿನಡಿ ಕೇಸ್ ಆಗುತ್ತದೆ. ಆಂಜಾ-ಬೊರೆಗೊ ಸ್ಟೇಟ್ ಪಾರ್ಕಿನಲ್ಲೂ ಏನನ್ನೂ ಎತ್ತುವ ಹಾಗಿಲ್ಲ.

ಕಾನೂನು ಬಿಡಿ. ಮೊಳೆ ಬಿದ್ದಿದ್ದ ಜಾಗದಲ್ಲೇ ಅದಕ್ಕೆ ಬೆಲೆ. ನಿಮ್ಮ ಜೇಬಿನಲ್ಲಿ ಅದು ತುಕ್ಕು ಹಿಡಿದ ಕಬ್ಬಿಣ ಅಷ್ಟೇ. ಎಲ್ಲಿ ಎತ್ತಿದಿರಿ ಅಂತ ಜ್ಞಾಪಕ ಇದೆಯಾ?

ಗುಡ್ಡದಂಚು:
ಇದೆ. ಫೋನಿನಲ್ಲಿ ಫೋಟೋ ಇದೆ, ಜಾಗದ ಗುರುತೂ ಅದರಲ್ಲೇ ಇದೆ. ಬುಲ್ಡೋಜರ್ ದಾರಿಯಿಂದ (ಈಗ ನಾನೂ ಹಾಗೇ ಕರೆಯಬೇಕೇನೋ) ಕೆಳಗೆ ಮೂವತ್ತು ಹೆಜ್ಜೆ ದೂರ. ಸಣ್ಣ ಹಳ್ಳದ ಪಕ್ಕ.

ಮೊಳೆ_ಲಾಳ:
ಕೆಳಗೆ, ಹಳ್ಳದ ಪಕ್ಕ. ಹಾಗಾದರೆ ನೀವು ನೋಡಬೇಕಿರುವುದು ಅಲ್ಲಿ.

ಮೊಳೆಯ ಬಗ್ಗೆ: ಕಬ್ಬಿಣದ ಹಾಳೆಯಿಂದ ಕತ್ತರಿಸಿದ ಚೌಕ ಮೊಳೆ ಸರಿಸುಮಾರು 1890ರವರೆಗೆ ಜಾಸ್ತಿ ಬಳಕೆಯಲ್ಲಿತ್ತು, ಆಮೇಲೆ ತಂತಿಯಿಂದ ಮಾಡಿದ ಗುಂಡು ಮೊಳೆ ಬಂತು. ಹಾಗಾಗಿ ಚೌಕ ಮೊಳೆ ಹಳೆಯದು ಅನ್ನಬಹುದು, 1858ರದ್ದು ಅನ್ನಲಾಗದು. ನೇರಳೆ ಬಣ್ಣಕ್ಕೆ ತಿರುಗಿದ ಗಾಜಿನ ಚೂರು ಕಂಡರೆ ಇನ್ನೂ ಈಚೆಗೆ ಬನ್ನಿ. ಮ್ಯಾಂಗನೀಸ್ ಹಾಕಿದ ಬಣ್ಣವಿಲ್ಲದ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದು ಹಾಗಾಗುತ್ತದೆ. ಅಂಥ ಸೀಸೆಗಳು ಜಾಸ್ತಿ ಬಂದಿದ್ದು 1880ರಿಂದ ಮೊದಲ ಮಹಾಯುದ್ಧದವರೆಗೆ. ಅಷ್ಟೊತ್ತಿಗೆ ಬಟರ್‌ಫೀಲ್ಡ್ ಕಂಪನಿ ಕಥೆ ಮುಗಿದು ಎಷ್ಟೋ ವರ್ಷ ಆಗಿತ್ತು.

ಲಾಳ ಸಿಕ್ಕರೆ ಆಕಾರ ನೋಡಿ. ಕುದುರೆಯದ್ದು ಅಗಲ, ದುಂಡಗೆ. ಹೇಸರಗತ್ತೆಯದ್ದು ಕಿರಿದು, ಉದ್ದನೆಯ ಯು ಆಕಾರ. ಈ ಮರುಭೂಮಿ ಭಾಗದಲ್ಲಿ ಹೇಸರಗತ್ತೆಗಳೇ ಎಷ್ಟೋ ಗಾಡಿ ಎಳೆದವು. ನೋಡಿ, ಫೋಟೋ ತಗೊಳ್ಳಿ, ಅಲ್ಲೇ ಬಿಡಿ.

ಸುಮ್ನೆ_ಓದುವವ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಟರ್‌ಫೀಲ್ಡ್ ಅಂದರೆ ಏನು? ಸಿನಿಮಾದಲ್ಲಿ ಡಕಾಯಿತರು ಚಿನ್ನದ ಪೆಟ್ಟಿಗೆ ಎಗರಿಸುತ್ತಾರಲ್ಲ, ಆ ಗಾಡಿನಾ?

ಟಪಾಲುಪೆಟ್ಟಿಗೆ:
ಇದು ನನ್ನ ಪ್ರಶ್ನೆ! ನಾನು ಹಳೇ ಲಕೋಟೆ ಕೂಡಿಸುವವಳು.

ಚಿನ್ನದ ಪೆಟ್ಟಿಗೆ ಮರೆತುಬಿಡಿ. ಬಟರ್‌ಫೀಲ್ಡ್ ಗಾಡಿಯಲ್ಲಿ ಹಣ, ಒಡವೆ, ಚಿನ್ನದ ಗಟ್ಟಿ ಸಾಗಿಸಲೇಬಾರದು ಅಂತ ಕಂಪನಿಯ ಕಟ್ಟಪ್ಪಣೆ ಇತ್ತು. ಚಿನ್ನ ಇದೆ ಅಂತ ಗೊತ್ತಾದರೆ ಕಳ್ಳರು ಬರುತ್ತಾರೆ ಅಂತಲೇ. ಅದರ ಮುಖ್ಯ ಸರಕು ಕಾಗದ. ಜನ ಕೂತಿದ್ದು ಉಳಿದ ಜಾಗದಲ್ಲಿ.

ಆಗ ಕ್ಯಾಲಿಫೋರ್ನಿಯಾಗೆ ಟಪಾಲು ಬರುತ್ತಿದ್ದುದು ಹಡಗಿನಲ್ಲಿ, ಪನಾಮಾ ಸುತ್ತಿಕೊಂಡು. ನೆಲದ ಮೇಲೆ ತರೋಣ ಅಂತ ಅಮೆರಿಕ ಸರ್ಕಾರ 1857ರ ಸೆಪ್ಟೆಂಬರ್‌ನಲ್ಲಿ ಜಾನ್ ಬಟರ್‌ಫೀಲ್ಡ್ ಜೊತೆ ಕರಾರು ಮಾಡಿಕೊಂಡಿತು. ವರ್ಷಕ್ಕೆ 6 ಲಕ್ಷ ಡಾಲರ್, ವಾರಕ್ಕೆ ಎರಡು ಸಲ, 25 ದಿನದೊಳಗೆ ತಲುಪಿಸಬೇಕು. ದೂರ ಸುಮಾರು 2,800 ಮೈಲಿ. ಸೇಂಟ್ ಲೂಯಿಸ್‌ನಿಂದ ಹೊರಟು ಅರ್ಕಾನ್ಸಾ, ಟೆಕ್ಸಾಸ್, ಟೂಸಾನ್, ಯೂಮಾ, ಆಮೇಲೆ ನಮ್ಮ ಗೆಳೆಯರ ಮನೆ ಹಿಂದೆ (ಅನುಮಾನಕ್ಕೆ ಎಡೆ ಇದೆ, ಇರಲಿ), ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ. ನಕ್ಷೆಯಲ್ಲಿ ನೋಡಿದರೆ ದಕ್ಷಿಣಕ್ಕೆ ಜೋತುಬಿದ್ದ ಹಗ್ಗದ ಹಾಗಿದೆ. ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಏರನ್ ಬ್ರೌನ್ ಟೆನೆಸೀಯವರು. ಅವರ ದಕ್ಷಿಣದ ಒಲವಿನಿಂದಲೇ ಹೀಗಾಯಿತು ಅಂತ ಉತ್ತರದವರು ಕೂಗಾಡಿದರು. ಹಿಮ ಬೀಳದ ದಾರಿ ಅನ್ನುವುದು ಬ್ರೌನ್ ಅವರ ಸಮರ್ಥನೆ. ಅದರಲ್ಲೂ ನಿಜ ಇತ್ತು ಅನ್ನಿ.

1858ರ ಸೆಪ್ಟೆಂಬರ್ 16ಕ್ಕೆ ಪೂರ್ವದಿಂದ ಮೊದಲ ಟಪಾಲು ಹೊರಟಿತು. ಅದರಲ್ಲಿ ಕೊನೆಯವರೆಗೂ ಬಂದ ಪ್ರಯಾಣಿಕ ಒಬ್ಬನೇ, ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ವಾಟರ್‌ಮನ್ ಆರ್ಮ್ಸ್‌ಬಿ. ವಯಸ್ಸು 23. ಅಕ್ಟೋಬರ್ 10ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ. ಇಪ್ಪತ್ತನಾಲ್ಕು ದಿನಕ್ಕೆ ಒಂದಿಷ್ಟು ನಿಮಿಷ ಕಮ್ಮಿ. ಹಗಲೂ ರಾತ್ರಿ ನಿಲ್ಲದೆ ಓಡಿದರೂ ಲೆಕ್ಕ ಹಾಕಿ ನೋಡಿ, ಗಂಟೆಗೆ ಐದು ಮೈಲಿಯೂ ಇಲ್ಲ.

ಟಿಕೆಟ್ 200 ಡಾಲರ್. ಅದೇ ಅರ್ಧ ಔನ್ಸ್ ತೂಕದ ಕಾಗದಕ್ಕೆ ಬರೀ 10 ಸೆಂಟ್. ಹಸಿರು ಬಣ್ಣದ ವಾಷಿಂಗ್ಟನ್ ಸ್ಟಾಂಪ್ ಅಂಟಿಸುತ್ತಿದ್ದರು. ಇನ್ನೊಂದು ಮಜಾ ಇದೆ. 1859ರ ಕೊನೆಯವರೆಗೂ ಕ್ಯಾಲಿಫೋರ್ನಿಯಾದಿಂದ ಪೂರ್ವಕ್ಕೆ ಹೋಗುವ ಕಾಗದದ ಮೇಲೆ ನೀವೇ "ಲಾಸ್ ಏಂಜಲೀಸ್ ಮೂಲಕ" ಅಂತ ಬರೆಯಬೇಕಿತ್ತು. ಬರೆಯದಿದ್ದರೆ ಹಡಗಿಗೆ ಹೋಗಿಬಿಡುತ್ತಿತ್ತು. ಆ ಒಂದು ಸಾಲು ಬರೆದಿರುವ ಲಕೋಟೆ ಕೈಗೆ ಬಂದಾಗ ಮೈ ಜುಮ್ ಅನ್ನುತ್ತದೆ. ಇದು ಆ ಧೂಳು ಕುಡಿದು ಬಂದ ಕಾಗದ ಅಂತ.

ಸುಮ್ನೆ_ಓದುವವ:
ಮೇಡಂ, ಇದನ್ನು ಶಾಲೆಯಲ್ಲಿ ಹೀಗೆ ಹೇಳಿದ್ದರೆ ನಾನು ಇತಿಹಾಸದಲ್ಲಿ ಪಾಸಾಗುತ್ತಿದ್ದೆ. ಎಷ್ಟು ವರ್ಷ ಓಡಿತು?

ಟಪಾಲುಪೆಟ್ಟಿಗೆ:
ಮೂರು ವರ್ಷವೂ ಇಲ್ಲ. 1860ರಲ್ಲಿ ಸಾಲದ ಗಲಾಟೆಯಲ್ಲಿ ಬಟರ್‌ಫೀಲ್ಡ್ ಅವರನ್ನೇ ಕಂಪನಿಯಿಂದ ಇಳಿಸಿದರು. 1861ರ ಮಾರ್ಚ್‌ನಲ್ಲಿ, ಅಂತರ್ಯುದ್ಧ ಬಾಗಿಲಿಗೆ ಬಂದಾಗ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಟಪಾಲನ್ನು ದೇಶದ ನಡುವಿನ ದಾರಿಗೆ ಬದಲಾಯಿಸಿತು. ದಕ್ಷಿಣದ ಗಾಡಿಗಳು ನಿಂತವು.

ಮರಳುಮಲ್ಲಿಗೆ:
ಎಲ್ಲರೂ ಬಟರ್‌ಫೀಲ್ಡ್ ಬಟರ್‌ಫೀಲ್ಡ್ ಅನ್ನುತ್ತಿದ್ದೀರಿ. ನನಗೆ ಒಂದು ತಕರಾರು ಇದೆ.

ಆ ದಾರಿ ಅವರು ಮಾಡಿದ್ದಲ್ಲ. 1846ರಲ್ಲಿ ಅಮೆರಿಕದ ಜನರಲ್ ಕಿಯರ್ನಿಯ ಸೈನ್ಯ ಅದೇ ಕಣಿವೆಗಳಲ್ಲಿ ಬಂತು. 1847ರ ಜನವರಿಯಲ್ಲಿ ಮಾರ್ಮನ್ ಬೆಟಾಲಿಯನ್ (ಮಾರ್ಮನ್ ಪಂಥದವರ ಸೈನಿಕ ತುಕಡಿ) ಅಲ್ಲೇ ಗಾಡಿ ತಂದಿತು. 1849ರಲ್ಲಿ ಚಿನ್ನದ ಹುಚ್ಚಿನವರು ಸಾವಿರಗಟ್ಟಲೆ ಬಂದರು. ಬಟರ್‌ಫೀಲ್ಡ್‌ಗಿಂತ ಒಂದು ವರ್ಷ ಮೊದಲು, 1857ರಲ್ಲಿ, ಸ್ಯಾನ್ ಆಂಟೋನಿಯೋದಿಂದ ಸ್ಯಾನ್ ಡಿಯಾಗೋಗೆ ಇನ್ನೊಂದು ಟಪಾಲು ಓಡಿತ್ತು. ಕೊನೆಗೆ ಬೆಟ್ಟ ದಾಟುವ ಕಡೆ ಪ್ರಯಾಣಿಕರನ್ನು ಗಾಡಿಯಿಂದ ಇಳಿಸಿ ಹೇಸರಗತ್ತೆ ಮೇಲೆ ಕೂರಿಸುತ್ತಿದ್ದರು. ಜನ ಅದಕ್ಕೆ "ಕತ್ತೆ ಟಪಾಲು" ಅಂತಲೇ ಹೆಸರಿಟ್ಟರು. ಅದನ್ನು ಶುರುಮಾಡಿದ ಜೇಮ್ಸ್ ಬರ್ಚ್ ಅದೇ ಸೆಪ್ಟೆಂಬರ್‌ನಲ್ಲಿ "ಸೆಂಟ್ರಲ್ ಅಮೆರಿಕ" ಎಂಬ ಹಡಗು ಮುಳುಗಿದಾಗ ಸತ್ತ. ನೆಲದ ದಾರಿ ತೆರೆದವನು ಸಮುದ್ರದ ಪಾಲಾದ.

ಇವರೆಲ್ಲರಿಗಿಂತ ಮುಂಚೆ ಅವು ಲುಯಿಸೆನ್ಯೊ, ಕುಪೆನ್ಯೊ, ಕುಮಿಯಾಯ್ ಎಂಬ ಮೂಲನಿವಾಸಿ ಜನರ ಕಾಲುದಾರಿಗಳು. ನೀರು ಎಲ್ಲಿದೆ ಅಂತ ಗೊತ್ತಿದ್ದವರು ಅವರು. ಗಾಡಿ ನಿಲ್ದಾಣಗಳೂ ಅದೇ ನೀರಿನ ಹತ್ತಿರ ಬಂದವು. ಈಗಿನ ವಾರ್ನರ್ ಸ್ಪ್ರಿಂಗ್ಸ್‌ನ ಬಿಸಿನೀರ ಬುಗ್ಗೆ ಇದೆಯಲ್ಲ, ಅದು ಕುಪೆನ್ಯೊ ಜನರ ಊರು, ಕುಪಾ. 1903ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಪಾಲಾ ಎಂಬ ಕಡೆಗೆ ಸಾಗಿಸಿದರು. ಅವರೂ ಗಾಡಿಗಳಲ್ಲೇ ಹೋದರು. ಫಲಕದಲ್ಲಿ ಮೂರು ವರ್ಷ ಓಡಿದ ಕಂಪನಿಯ ಹೆಸರು ದೊಡ್ಡದಾಗಿರುತ್ತದೆ, ಇದು ಇರುವುದಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ನಕ್ಷೆಮರುಳು:
ಒಪ್ಪಿದೆ ಮೇಡಂ. ಜಾಡಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಆಮೇಲೆ ದನ ಹೊಡೆದವರು, ರಾಂಚಿನ ಗಾಡಿಗಳು, ಮೊದಲ ಕಾರುಗಳು, ಎಲ್ಲವೂ ಅದರಲ್ಲೇ ಹೋಗಿರುತ್ತವೆ. "ಬಟರ್‌ಫೀಲ್ಡ್ ಬಳಸಿದ ದಾರಿ" ಅನ್ನಬಹುದು, "ಬಟರ್‌ಫೀಲ್ಡ್ ಜಾಡು" ಅಂದರೆ ಜಾಸ್ತಿಯಾಯಿತು.

ಗುಡ್ಡದಂಚು ಅವರೇ, ಇನ್ನೊಮ್ಮೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಬಿಎಲ್‌ಎಂ (ಕೇಂದ್ರ ಸರ್ಕಾರದ ಭೂ ಇಲಾಖೆ) ಇಟ್ಟಿರುವ ಜಿಎಲ್‌ಒ (ಹಳೇ ಕಾಲದ ಭೂ ಕಚೇರಿ) ದಾಖಲೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರಿ ಸರ್ವೇಯರ್‌ಗಳು ಸರಪಳಿ ಎಳೆದುಕೊಂಡು ಒಂದೊಂದು ಮೈಲಿಯ ಗೆರೆಯನ್ನೂ ನಡೆದಿದ್ದಾರೆ. ಗೆರೆಗೆ ಹಳ್ಳ ಅಡ್ಡ ಬಂದರೆ, ದಾರಿ ಅಡ್ಡ ಬಂದರೆ, ಎಷ್ಟು ಸರಪಳಿ ದೂರದಲ್ಲಿ, ಯಾವ ದಿಕ್ಕಿಗೆ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಒಂದು ಸರಪಳಿ 66 ಅಡಿ, 80 ಸರಪಳಿಗೆ ಒಂದು ಮೈಲಿ. ನಿಮ್ಮ ಜಾಗದ ಟೌನ್‌ಶಿಪ್, ಸೆಕ್ಷನ್ (ಆ ಸರ್ವೇಯ ಚೌಕಗಳ ಗುರುತು) ಹುಡುಕಿ ನಕ್ಷೆ ತೆಗೆಯಿರಿ.

ಒಂದು ಎಚ್ಚರಿಕೆ. ಟೆಮೆಕ್ಯುಲಾ ಸುತ್ತ ಮೆಕ್ಸಿಕೋ ಕಾಲದ ರಾಂಚೊ ಜಮೀನುಗಳಿವೆ. ಅವುಗಳ ಒಳಗೆ ಈ ಗೆರೆಗಳನ್ನು ಎಳೆದಿಲ್ಲ, ಗಡಿ ಮಾತ್ರ ಅಳೆದಿದ್ದಾರೆ. ನಿಮ್ಮ ಜಾಗ ಅದರ ಹೊರಗಿದ್ದರೆ ಅದೃಷ್ಟ.

ಗುಡ್ಡದಂಚು:
ಹೊರಗಿದೆ! ನಕ್ಷೆ ಸಿಕ್ಕಿತು. ಓದಲು ಕನ್ನಡಕ ಸಾಲದು, ಭೂತಗನ್ನಡಿ ಬೇಕು. ಚುಕ್ಕಿ ಚುಕ್ಕಿ ಗೆರೆಯಲ್ಲಿ ಒಂದು ದಾರಿ ತೋರಿಸಿದ್ದಾರೆ. ಸರ್ವೇಯರ್ ಪುಸ್ತಕದಲ್ಲಿ ನಮ್ಮ ಗೆರೆಯ ಮೇಲೆ 31 ಸರಪಳಿಗೆ "ರಸ್ತೆ" ಅಂತ ಇದೆ. ಅಂದರೆ ಮೂಲೆಯಿಂದ 2,046 ಅಡಿ. ಫೋನ್ ನಕ್ಷೆಯಲ್ಲಿ ಅಳೆದರೆ ಅದು ನಾನು ಕಂಡ ದಾರಿಯ ಮೇಲಲ್ಲ, ಕೆಳಗೆ, ಹಳ್ಳದ ಹತ್ತಿರ ಬೀಳುತ್ತದೆ.

ಮೊಳೆ ಸಿಕ್ಕಿದ ಕಡೆ.

ನಾಳೆ ರಾಂಚಿನವರ ಬಾಗಿಲು ತಟ್ಟುತ್ತೇನೆ.

ಸುಮ್ನೆ_ಓದುವವ:
ಧಾರಾವಾಹಿ ಥರ ಇದೆ ಗುರು. ನಾಳೆ ಎಷ್ಟು ಗಂಟೆಗೆ?

ಗುಡ್ಡದಂಚು:
ನಾಳೆ ಅಂದವನು ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ರಾಂಚಿನವರು ಊರಲ್ಲಿರಲಿಲ್ಲ.

ಮಾಲೀಕರು ಎಂಬತ್ತು ದಾಟಿದ ಅಜ್ಜಿ. ಮೊಳೆಯನ್ನು ಅವರ ಕೈಗೆ ಕೊಟ್ಟು, ನಿಮ್ಮ ಜಾಗದಿಂದ ಕೇಳದೆ ತಂದೆ, ತಪ್ಪಾಯಿತು ಅಂದೆ. ಅವರು ಮೊಳೆಯನ್ನು ತಿರುಗಿಸಿ ನೋಡಿ, "ನಮ್ಮ ಕೊಟ್ಟಿಗೆಯಲ್ಲಿ ಇಂಥವು ಒಂದು ಬಕೆಟ್ ಇದೆ" ಅಂದರು. ನನ್ನ ಮುಖ ಹೇಗಾಗಿರಬೇಕು ನೋಡಿ.

ಮೇಲಿನ ದಾರಿ ಬಗ್ಗೆ ಕೇಳಿದೆ. ನಕ್ಕುಬಿಟ್ಟರು. ಬೆಂಕಿ ಬಿದ್ದ ವರ್ಷ ಬುಲ್ಡೋಜರ್ ಹೊಡೆದಿದ್ದಂತೆ, ಅವರೇ ನಿಂತು ನೋಡಿದ್ದಂತೆ. ನಕ್ಷೆಮರುಳು ಅವರಿಗೆ ನೂರಕ್ಕೆ ನೂರು. ಆಮೇಲೆ ಅಜ್ಜಿ ಕೋಲು ಹಿಡಿದು ಎದ್ದರು, "ಬಾ, ಹಳೇ ರಸ್ತೆ ಬೇಕಾದರೆ ತೋರಿಸುತ್ತೇನೆ" ಅಂದರು.

ಹಳ್ಳದ ಪಕ್ಕ ಹೋದೆವು. ಬೆಳಗ್ಗೆ ಏಳೂವರೆ, ಬಿಸಿಲು ಇನ್ನೂ ಓರೆಯಾಗಿತ್ತು. ಮೊದಲು ಏನೂ ಕಾಣಲಿಲ್ಲ. ಅಜ್ಜಿ ನನ್ನನ್ನು ಹತ್ತು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದರು. ಆಗ ಕಂಡಿತು. ದಾರಿ ಅಂತ ಅಲ್ಲ, ನೆಲ ಅಲ್ಲಿ ಸ್ವಲ್ಪ ಕುಸಿದ ಹಾಗೆ. ಮಗು ಮಲಗಿ ಎದ್ದ ಹಾಸಿಗೆಯಲ್ಲಿ ಗುಂಡಿ ಇರುತ್ತದಲ್ಲ, ಹಾಗೆ, ಆದರೆ ಉದ್ದಕ್ಕೆ. ಒಳಗೆ ಹುಲ್ಲು ಹಸಿರು, ಆಚೀಚೆ ಒಣಗಿದೆ. ಎಲ್ಲೂ ಬಳಸದೆ ದಿಬ್ಬಕ್ಕೆ ನೇರ ಹತ್ತಿದೆ, ನನ್ನ ಮಂಡಿಗೇ ಕಷ್ಟ ಆಗುವಷ್ಟು ಕಡಿದು.

ದಿಬ್ಬದ ನೆತ್ತಿಯಲ್ಲಿ ಒಂದು ಬಂಡೆ ನೆಲದ ಮಟ್ಟಕ್ಕೆ ಎದ್ದಿದೆ. ಅದರ ಅಂಚು ಒಂದು ಕಡೆ ಮಾತ್ರ ಸವೆದಿದೆ. ಬೆರಳಿಟ್ಟು ನೋಡಿದೆ. ಸುತ್ತಲ ಕಲ್ಲು ಒರಟು, ಕೈಗೆ ಚುಚ್ಚುತ್ತದೆ. ಸವೆದ ಕಡೆ ಒರಳಿನ ಅಂಚಿನ ಹಾಗೆ ನುಣುಪು. ನಾಲ್ಕು ಬೆರಳು ಅಗಲ, ಉದ್ದಕ್ಕೆ ಕೆಂಗಂದು ಗೆರೆಗಳು. ಐದು ಅಡಿ ಆಚೆ ಇನ್ನೊಂದು ಕಲ್ಲಿನ ಮೇಲೂ ಅದೇ ಗುರುತು.

ಸುಮಾರು ಹೊತ್ತು ಮಾತಾಡಲಿಲ್ಲ ನಾನು. ನಾಯಿ ಮಾತ್ರ ಬಂಡೆ ಮೂಸಿ, ಕಾಲೆತ್ತಿ, ತನ್ನ ಗುರುತನ್ನೂ ಸೇರಿಸಿತು.

ಮೊಳೆ_ಲಾಳ:
ನಾಯಿಗೆ ಇತಿಹಾಸ ಪ್ರಜ್ಞೆ ಇದೆ.

ಆ ಕೆಂಗಂದು ಗೆರೆ ಗಾಲಿಯ ಕಬ್ಬಿಣದ ಪಟ್ಟಿ ಉಜ್ಜಿ ಬಿಟ್ಟ ತುಕ್ಕು ಇರಬಹುದು. ವಲಸೆಗಾರರ ಗಾಡಿಗಳು ಪಶ್ಚಿಮಕ್ಕೆ ಹೋದ ಆರೆಗಾನ್ ಟ್ರೈಲ್‌ನ ಬಂಡೆಗಳ ಮೇಲೂ ಇಂಥ ತುಕ್ಕಿನ ಗುರುತು ಹುಡುಕುತ್ತಾರೆ. ರಬ್ಬರ್ ಟೈರ್ ಹೀಗೆ ಕಲ್ಲು ಸವೆಸುವುದಿಲ್ಲ. ಆದರೆ ಬುಲ್ಡೋಜರಿನ ಪಟ್ಟಿಯೂ ಕಬ್ಬಿಣವೇ, ಅದು ಗೀಚಿದರೆ ಗೆರೆ ಹೊಸದಾಗಿ, ಚೂಪಾಗಿ, ಅಡ್ಡಾದಿಡ್ಡಿ ಇರುತ್ತದೆ. ನಿಮ್ಮದು ಎರಡು ಕಲ್ಲಿನಲ್ಲೂ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿದೆ ಅಂದಿರಿ. ಸರ್ವೇ ಪುಸ್ತಕವೂ ಅಲ್ಲೇ ರಸ್ತೆ ಅನ್ನುತ್ತದೆ. ನಾನಾದರೆ ನಂಬುತ್ತೇನೆ.

ನಕ್ಷೆಮರುಳು:
ಹುಲ್ಲು ಹಸಿರಾಗಿರುವುದಕ್ಕೂ ಅದೇ ಕಾರಣ. ನೆಲ ತಗ್ಗಾಗಿ ಮಳೆ ನೀರು ಅಲ್ಲಿ ಒಂದೆರಡು ದಿನ ಜಾಸ್ತಿ ನಿಲ್ಲುತ್ತದೆ. ಮಳೆಗಾಲ ಮುಗಿದ ಕೂಡಲೇ ನೋಡಿದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ನಡು ಮಧ್ಯಾಹ್ನ ಹೋದರೆ ಅದರ ಮೇಲೇ ನಿಂತಿದ್ದರೂ ಗೊತ್ತಾಗುವುದಿಲ್ಲ.

ಟಪಾಲುಪೆಟ್ಟಿಗೆ:
ಇದನ್ನು ಓದಿದ ಮೇಲೆ ನನ್ನ ಲಕೋಟೆ ಪೆಟ್ಟಿಗೆ ತೆಗೆದು ಕೂತಿದ್ದೇನೆ. ಗಾಡಿ ಆ ಕಲ್ಲಿನ ಮೇಲೆ ಧಡ್ ಅಂದಾಗ ಒಳಗೆ ಕೂತವರ ಹಲ್ಲು ಕಟಕಟ ಅಂದಿರಬೇಕು. ಈ ಭಾಗದಲ್ಲಿ ಓಡಿದ್ದು ಸಿನಿಮಾದ ದೊಡ್ಡ ಕಾಂಕಾರ್ಡ್ ಕೋಚ್ ಅಲ್ಲ, ಹಗುರವಾದ ಸೆಲೆರಿಟಿ ವ್ಯಾಗನ್. ಮೇಲೆ ಕ್ಯಾನ್ವಾಸ್ ಹೊದಿಕೆ, ಸೀಟು ಮಡಚಿದರೆ ಹಾಸಿಗೆ. ಸ್ಪ್ರಿಂಗ್ ಬದಲು ದಪ್ಪ ಚರ್ಮದ ಪಟ್ಟಿಗಳ ಮೇಲೆ ತೂಗುವ ಮೈ. ಹಾಸಿಗೆ ಅಂದೆ, ನಿದ್ದೆ ಅನ್ನಲಿಲ್ಲ.

ಮರಳುಮಲ್ಲಿಗೆ:
ಗುಡ್ಡದಂಚು ಅವರೇ, ಅದು ಖಾಸಗಿ ಜಾಗ. ಜಾಗದ ಗುರುತು ಇರುವ ಫೋಟೋ ಎಲ್ಲೂ ಹಾಕಬೇಡಿ. ಮೆಟಲ್ ಡಿಟೆಕ್ಟರ್ ಹಿಡಿದು ಬರುವವರು ಇದ್ದಾರೆ, ಅಜ್ಜಿಗೆ ತೊಂದರೆ.

ಬೇರೆಯವರಿಗೆ ನೋಡುವ ಆಸೆ ಇದ್ದರೆ ಹೊರಗಿನಿಂದಲಾದರೂ ನೋಡಬಹುದಾದ ಜಾಗಗಳಿವೆ. ಹೈವೇ 79ರಲ್ಲೇ ಓಕ್ ಗ್ರೋವ್ ನಿಲ್ದಾಣದ ಅಡೋಬಿ (ಹಸಿ ಇಟ್ಟಿಗೆ) ಕಟ್ಟಡ ಇನ್ನೂ ನಿಂತಿದೆ. ಮುಂದೆ ವಾರ್ನರ್ ರಾಂಚಿನ ಮನೆ. ಅಲ್ಲಿಂದ ಎಸ್2 ರಸ್ತೆ ಹಿಡಿದು ಮರುಭೂಮಿಗೆ ಇಳಿದರೆ ಬಾಕ್ಸ್ ಕ್ಯಾನ್ಯನ್. ನನಗೆ ಎಲ್ಲಕ್ಕಿಂತ ಅದೇ ಇಷ್ಟ. ಮಾರ್ಮನ್ ಬೆಟಾಲಿಯನ್‌ನವರ ಒಳ್ಳೆಯ ಸಲಕರಣೆಗಳು ಅದಕ್ಕೆ ಮೊದಲೇ ನದಿಯ ಪಾಲಾಗಿದ್ದವು. ಉಳಿದ ಕೊಡಲಿಗಳಲ್ಲೇ ಬಂಡೆ ಕಡಿದು ಗಾಡಿ ತೂರುವಷ್ಟು ಜಾಗ ಮಾಡಿದರು. ರಸ್ತೆ ಬದಿಯಿಂದಲೇ ಕೆಳಗೆ ನೋಡಬಹುದು. ಅಲ್ಲಿಗೆ ಹತ್ತಿರದಲ್ಲೇ ಇರುವ ಇನ್ನೊಂದು ಏರು ದಾರಿಗೆ "ಫುಟ್ ಅಂಡ್ ವಾಕರ್" ಅಂತ ಹೆಸರು. ಟಿಕೆಟ್ ಕೊಟ್ಟವರೂ ಇಳಿದು ಗಾಡಿ ತಳ್ಳಬೇಕಿತ್ತು. ಇನ್ನೂ ಮುಂದೆ ವಯಸೀಟೊ ನಿಲ್ದಾಣ. ಈಗ ಇರುವುದು 1934ರಲ್ಲಿ ಮತ್ತೆ ಕಟ್ಟಿದ್ದು, ದೆವ್ವದ ಕಥೆ ಮಾತ್ರ ಹಳೆಯದು. ಬೇಸಿಗೆಯಲ್ಲಿ ಹೋಗಬೇಡಿ, ಸುಟ್ಟುಹೋಗುತ್ತೀರಿ.

ನಕ್ಷೆಮರುಳು:
2023ರ ಜನವರಿಯಲ್ಲಿ ಇಡೀ ಬಟರ್‌ಫೀಲ್ಡ್ ದಾರಿಗೆ ನ್ಯಾಷನಲ್ ಹಿಸ್ಟಾರಿಕ್ ಟ್ರೈಲ್ (ರಾಷ್ಟ್ರೀಯ ಐತಿಹಾಸಿಕ ದಾರಿ) ಅಂತ ಮಾನ್ಯತೆ ಸಿಕ್ಕಿದೆ, ಕವಲುಗಳೂ ಸೇರಿ 3,292 ಮೈಲಿ. ಹಾಗಂತ ಖಾಸಗಿ ಜಾಗಕ್ಕೆ ನುಗ್ಗುವ ಹಕ್ಕು ಯಾರಿಗೂ ಬಂದಿಲ್ಲ. ಅಜ್ಜಿ ಒಪ್ಪಿದರೆ ಜಾಡಿನ ಅಳತೆ, ಫೋಟೋ, ಸರ್ವೇ ಪುಟದ ಪ್ರತಿ ಎಲ್ಲ ಸೇರಿಸಿ ಸ್ಥಳೀಯ ಇತಿಹಾಸ ಸಂಘಕ್ಕೆ ಒಂದು ಪ್ರತಿ ಕೊಡಿ.

ಗುಡ್ಡದಂಚು:
ಅಜ್ಜಿಯನ್ನು ಕೇಳಿದೆ. "ನಾನಿರುವಾಗಲೇ ಬರೆದಿಡು" ಅಂದರು. ಅವರ ಮನೆಯವರು ಆ ದಿಬ್ಬಕ್ಕೆ ಏನೋ ಹೆಸರಿಟ್ಟಿದ್ದರಂತೆ, ಮರೆತುಹೋಗಿದೆ, ತಂಗಿಗೆ ಫೋನ್ ಮಾಡಿ ಕೇಳುತ್ತಾರಂತೆ.

ಮೊಳೆ ವಾಪಸ್ ಇಟ್ಟೆ. ಫೋಟೋ ನೋಡಿಕೊಂಡು, ಅದೇ ಕಲ್ಲಿನ ಬದಿ, ತಲೆ ಹಳ್ಳದ ಕಡೆಗೆ. ಅಜ್ಜಿ ನೋಡುತ್ತಾ ನಿಂತಿದ್ದರು. "ಬಕೆಟ್‌ನಿಂದ ಒಂದು ಬೇಕಾದರೆ ತಗೋ" ಅಂದರು. ತಗೊಂಡೆ. ಹೆಂಡತಿ ಇನ್ನೂ ನಗುತ್ತಿದ್ದಾಳೆ, ಆದರೆ ಶನಿವಾರ ಬಾಕ್ಸ್ ಕ್ಯಾನ್ಯನ್‌ಗೆ ತಾನೂ ಬರುತ್ತಾಳಂತೆ.